ಇಂಗ್ಲಿಷಿನ 'ವೈ' ಹುಟ್ಟಿದ್ದು ಇಸ್ಪೀಟಿನ ಮೇಜಿನ ಮೇಲೆ

ಪ್ರಶ್ನೆ: ಇಂಗ್ಲಿಷ್ ಪತ್ರಿಕೆ ಓದುವಾಗ 'ವೈಯಿಂಗ್ ಫಾರ್' ಎಂಬ ಮಾತು ಆಗಾಗ ಎದುರಾಗುತ್ತದೆ. ಅದರ ಮೂಲರೂಪ 'ವೈ', ಅರ್ಥ ಪೈಪೋಟಿ ನಡೆಸುವುದು ಎಂದು ನಿಘಂಟಿನಲ್ಲಿದೆ. ಹೊಟ್ಟೆಕಿಚ್ಚು ಎಂಬರ್ಥದ 'ಎನ್ವಿ'ಯಿಂದಲೇ ಈ ಪದ ಬಂದಿದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ನಿಜವೇ? 'ಕಂಪೀಟ್' ಇರುವಾಗ ಇದೊಂದು ಬೇರೆ ಏಕೆ ಬೇಕು? ಬರೆಯುವಾಗ ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ವಿವರಕ್ಕೆ ಬರೋಣ. 'ವೈ'ಗೂ 'ಎನ್ವಿ'ಗೂ ನಂಟಿಲ್ಲ. 'ವೈ' ಹುಟ್ಟಿದ ಮನೆಯಲ್ಲೇ ಹುಟ್ಟಿದ ಇನ್ನೊಂದು ಪದ 'ಇನ್ವೈಟ್', ಅಂದರೆ ಕರೆಯುವುದು, ಆಮಂತ್ರಿಸುವುದು. ಎರಡಕ್ಕೂ ಮೂಲ ಲ್ಯಾಟಿನ್ನಿನ 'ಇನ್ವಿತಾರೆ' ಎಂಬ ಕ್ರಿಯಾಪದ. ಪೈಪೋಟಿಗೂ ಆಮಂತ್ರಣಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆ ಸಂಬಂಧ ಬೆಸೆದುಕೊಂಡದ್ದು ಪಣ ಕಟ್ಟಿ ಆಡುವ ಇಸ್ಪೀಟಿನಲ್ಲಿ. ನಿಮ್ಮ ಮೇಷ್ಟ್ರು ಹಾಗೆ ಹೇಳಿದ್ದರಲ್ಲಿ ಅಚ್ಚರಿಯೇನಿಲ್ಲ. ಒಂದು ಕಾಲದಲ್ಲಿ ಫ್ರೆಂಚಿನಲ್ಲಿ ಹೊಟ್ಟೆಕಿಚ್ಚುಪಡುವುದಕ್ಕೂ ಪಣ ಏರಿಸುವುದಕ್ಕೂ ಇದ್ದ ಕ್ರಿಯಾಪದಗಳು ಒಂದಕ್ಷರವೂ ಬೇರೆಯಿಲ್ಲದೆ ಒಂದೇ ರೂಪದಲ್ಲಿದ್ದವು.

ಅದು ಹೇಗಾಯಿತೆಂದು ನೋಡಿದರೆ ಮುಂದಿನದೆಲ್ಲ ಸಲೀಸು. ಲ್ಯಾಟಿನ್ ಹಳೆಯ ಫ್ರೆಂಚ್ ಆಗುತ್ತ ಬಂದಾಗ, ಎರಡು ಸ್ವರಗಳ ನಡುವೆ ಸಿಕ್ಕಿದ 'ತ' ಮೊದಲು 'ದ' ಆಗಿ, ಆಮೇಲೆ ಸವೆದು ಪೂರ್ತಿ ಉದುರಿಹೋಯಿತು. ಚಕ್ರ ಎಂಬರ್ಥದ 'ರೋತ' ಫ್ರೆಂಚಿನಲ್ಲಿ 'ರೂ' ಆಯಿತು. ಬದುಕು ಎಂಬರ್ಥದ 'ವೀತ' ಬರೀ 'ವೀ' ಆಯಿತು. ಅದೇ ದಾರಿಯಲ್ಲಿ 'ಇನ್ವಿತಾರೆ' ಎಂಬುದು 'ಎನ್ವಿಯೇರ್' ಆಯಿತು. ಇತ್ತ ಲ್ಯಾಟಿನ್ನಿನಲ್ಲಿ 'ಇನ್ವಿದೇರೆ' ಎಂಬ ಬೇರೊಂದು ಪದವಿತ್ತು. ಅದರಲ್ಲಿರುವುದು ನೋಡು ಎಂಬರ್ಥದ 'ವಿದೇರೆ', ನಮ್ಮೆಲ್ಲರ ಬಾಯಲ್ಲಿರುವ 'ವಿಡಿಯೋ' ಬಂದದ್ದೂ ಅಲ್ಲಿಂದಲೇ. ಒಬ್ಬರ ಏಳಿಗೆಯನ್ನು ಕೆಟ್ಟ ಕಣ್ಣಿನಿಂದ ನೋಡುವುದು 'ಇನ್ವಿದೇರೆ'. ಕಣ್ಣು ಬೀಳುವುದು, ದೃಷ್ಟಿ ತಾಗುವುದು ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪದದ ನಡುವಣ 'ದ'ವೂ ಫ್ರೆಂಚಿಗೆ ಬರುವಾಗ ಉದುರಿತು, ಹೊಟ್ಟೆಕಿಚ್ಚು 'ಎನ್ವೀ' ಆಯಿತು, ಹೊಟ್ಟೆಕಿಚ್ಚುಪಡುವುದು 'ಎನ್ವಿಯೇರ್' ಆಯಿತು. ಎಲ್ಲೋ ಹುಟ್ಟಿದ ಎರಡು ಪದಗಳು ಸವೆದು ಸವೆದು ಒಂದೇ ಮುಖ ಪಡೆದವು.

ಇಂಥದ್ದು ಕನ್ನಡದಲ್ಲೂ ಆಗಿದೆ. ಮನೆಗೆ ಕರೆಯುತ್ತೇವೆ, ಹಸುವಿನ ಹಾಲನ್ನೂ ಕರೆಯುತ್ತೇವೆ. ಈಗ ಎರಡನ್ನೂ ಒಂದೇ 'ರ'ಕಾರದಿಂದ ಬರೆಯುತ್ತೇವೆ. ಹಳಗನ್ನಡದಲ್ಲಿ ಹಾಲು ಕರೆಯುವುದಕ್ಕೆ ಶಕಟರೇಫ ಇತ್ತು, ಅದು 'ಕಱೆ'. ಕೂಗಿ ಕರೆಯುವುದಕ್ಕೆ ಈಗಿನ 'ರ'ವೇ. ಱಕಾರ ಬಳಕೆ ತಪ್ಪಿದ ಮೇಲೆ ಎರಡೂ ಬೆರೆತುಹೋದವು. ಇವೆರಡರ ನಡುವೆ ಯಾರಾದರೂ ಅರ್ಥದ ನಂಟು ಹುಡುಕಹೊರಟರೆ ದಾರಿ ತಪ್ಪಿದಂತೆಯೇ. 'ವೈ'ಯನ್ನು 'ಎನ್ವಿ'ಗೆ ಗಂಟುಹಾಕುವುದೂ ಅಂಥದ್ದೇ.

ಈ ಗೊಂದಲ ಇಂಗ್ಲಿಷ್ ಕಲಿಯುವವರಿಗೆ ಮಾತ್ರ ಅಂಟಿದ್ದಲ್ಲ. ಫ್ರೆಂಚಿನಲ್ಲಿ ಇಂದಿಗೂ 'ಆ ಲಾನ್ವಿ' ಎಂಬ ನುಡಿಗಟ್ಟಿದೆ. ನಾ ಮುಂದು ತಾ ಮುಂದು ಎಂದು ಒಬ್ಬರನ್ನೊಬ್ಬರು ಮೀರಿಸುವ ಹಾಗೆ ಮಾಡುವುದಕ್ಕೆ ಬರಹದಲ್ಲಿ ಅದನ್ನು ಬಳಸುತ್ತಾರೆ. ಇದು 'ಇನ್ವಿತಾರೆ'ಯ ಕುಡಿ. ಆದರೆ ಫ್ರೆಂಚರೇ ಎಷ್ಟೋ ಜನ ಅದರ ಕೊನೆಗೆ ಒಂದು 'ಇ' ಅಕ್ಷರ ಸೇರಿಸಿ, ಆಸೆ-ಹೊಟ್ಟೆಕಿಚ್ಚಿನ 'ಎನ್ವೀ' ಮಾಡಿ ಬರೆಯುತ್ತಾರೆ. ತಿದ್ದುವವರು ಬೇಸರಿಸದೆ ತಿದ್ದುತ್ತಲೇ ಇರುತ್ತಾರೆ. ಸ್ಪ್ಯಾನಿಷಿನಲ್ಲಿ 'ದ' ಉದುರದೆ ಉಳಿದದ್ದರಿಂದ 'ಎನ್ವಿದಾರ್' ಎಂದರೆ ಪಣ ಏರಿಸುವುದು, 'ಎನ್ವಿದಿಯ' ಎಂದರೆ ಹೊಟ್ಟೆಕಿಚ್ಚು. ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುವ ಇವುಗಳಿಗೂ ಮೂಲದಲ್ಲಿ ನಂಟಿಲ್ಲ.

ಈಗ ಆಟಕ್ಕೆ ಬರೋಣ. ಆಮಂತ್ರಣ ಹೇಗೆ ಪೈಪೋಟಿಯಾಯಿತೆಂದು ಅರಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೂವರು ಕುಳಿತಿದ್ದಾರೆ ಎನ್ನಿ. ಎಲ್ಲರ ಕೈಯಲ್ಲೂ ಎಲೆಗಳಿವೆ, ಯಾರ ಎಲೆ ಯಾವುದೆಂದು ಉಳಿದವರಿಗೆ ಕಾಣದು. ಮೊದಲನೆಯವನು ಎರಡು ನಾಣ್ಯ ನಡುವೆ ಇಡುತ್ತಾನೆ. ಎರಡನೆಯವನು ಎಲೆ ಮಡಚಿಟ್ಟು ಆ ಸುತ್ತಿನಿಂದ ಹೊರಗೆ ಹೋಗಬಹುದು, ತಾನೂ ಎರಡು ನಾಣ್ಯ ಇಟ್ಟು ಸರಿಗಟ್ಟಬಹುದು, ಇಲ್ಲವೇ ಐದು ಇಟ್ಟು ಪಣ ಏರಿಸಬಹುದು. ಏರಿಸಿದನೋ, ಮಾತು ಈಗ ಮೂರನೆಯವನ ಪಾಲಿಗೆ, ಆಮೇಲೆ ಮತ್ತೆ ಮೊದಲನೆಯವನ ಪಾಲಿಗೆ. 'ನಾನು ಇಷ್ಟಕ್ಕೆ ಸಿದ್ಧ, ನೀನು ಬರುತ್ತೀಯಾ?' ಎಂದು ಪ್ರತಿ ಏರಿಕೆಯೂ ಎದುರಾಳಿಯನ್ನು ಕೇಳುತ್ತದೆ. ಪಣ ಏರಿಸುವುದೆಂದರೆ ಎದುರಾಳಿಯನ್ನು ಇನ್ನಷ್ಟು ಮುಂದಕ್ಕೆ ಬಾ ಎಂದು ಕರೆಯುವುದು. ಹಳೆಯ ಫ್ರೆಂಚಿನ ಆಟಗಾರರು ಇದಕ್ಕೆ ಕರೆಯುವ ಕ್ರಿಯಾಪದವನ್ನೇ ಹಚ್ಚಿದ್ದು ಎಷ್ಟು ಸಹಜವೆಂದು ಈ ಒಂದು ಸುತ್ತಿನಲ್ಲೇ ತಿಳಿಯುತ್ತದೆ.

ಸ್ಪೇನಿನ 'ಮುಸ್', ಅರ್ಜೆಂಟೀನಾ ಮತ್ತು ಉರುಗ್ವೆಯ 'ತ್ರುಕೊ' ಆಟಗಳಲ್ಲಿ ಈ ಕರೆ ಇನ್ನೂ ಜೀವಂತವಾಗಿದೆ. ಒಬ್ಬ 'ಎನ್ವಿದೊ' ಎನ್ನುತ್ತಾನೆ. ಅಕ್ಷರಶಃ ಅದು 'ಇನ್ವಿತಾರೆ'ಯ ಇಂದಿನ ರೂಪ: ನಾನು ಪಣ ಒಡ್ಡುತ್ತೇನೆ. ಎದುರಿನವನು 'ಕಿಯೆರೊ' ಎನ್ನಬೇಕು, ಇಲ್ಲವೇ 'ನೊ ಕಿಯೆರೊ' ಎನ್ನಬೇಕು. ಅಂದರೆ ನನಗೆ ಬೇಕು, ನನಗೆ ಬೇಡ. ಯಾರೋ ಏನನ್ನೋ ಮುಂದೆ ಹಿಡಿದು ಕರೆದಾಗ ಕೊಡುವ ಉತ್ತರವೇ ಇದು. ತ್ರುಕೊ ಆಟದಲ್ಲಿ ಒಪ್ಪಿಕೊಂಡ ಎನ್ವಿದೊಗೆ 2 ಅಂಕ, ಬೇಡವೆಂದರೆ ಕರೆದವನಿಗೆ 1 ಅಂಕ. ಕರೆಗೆ ಓಗೊಡದವನು ಅಷ್ಟಕ್ಕೇ ಒಂದಂಕ ತೆರಬೇಕು. ಆ ಮೇಜಿನ ಸುತ್ತ ಕೂತವರಿಗೆ ಲ್ಯಾಟಿನ್ ಬರದಿದ್ದರೂ ಲ್ಯಾಟಿನ್ನಿನ ಆ ಹಳೆಯ ಅರ್ಥ ಬಾಯಲ್ಲಿ ಉಳಿದುಕೊಂಡಿದೆ. ಪದಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಇಂಥ ಜಾಗಗಳೇ.

ಕನ್ನಡ ಓದುಗರಿಗೆ ಈ ಅರ್ಥ ಹೊಸತೇನಲ್ಲ. ಸವಾಲೆಸೆಯುವುದಕ್ಕೆ ನಾವು 'ಪಂಥಾಹ್ವಾನ' ಎನ್ನುತ್ತೇವಲ್ಲ, ಅದರಲ್ಲಿ ಪಂಥವೂ ಇದೆ, ಆಹ್ವಾನವೂ ಇದೆ. 'ವೈ' ಎಂಬ ಪದದ ನಾನೂರು ವರ್ಷದ ಹಿಂದಿನ ಅರ್ಥವನ್ನು ಒಂದೇ ಪದದಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ. ಸಂಸ್ಕೃತದಲ್ಲಿ ಆಹ್ವಾನಕ್ಕೆ ಕರೆ, ಸವಾಲು ಎರಡೂ ಅರ್ಥ. ಹಳೆಯ ಕಾವ್ಯಗಳಲ್ಲಿ ಯುದ್ಧಕ್ಕೆ ಬರುವ 'ಆಹವ' ಎಂಬ ಪದವೂ ಕರೆ ಎಂಬ ಅದೇ ಧಾತುವಿನದು. ಮಹಾಭಾರತದ ಸಭಾಪರ್ವದಲ್ಲಿ ಜೂಜಿಗೆ ಕುಳಿತ ಧರ್ಮರಾಯ, ಕರೆದಮೇಲೆ ಹಿಂದೆ ಸರಿಯುವುದಿಲ್ಲ, ಅದು ನನ್ನ ವ್ರತ ಎನ್ನುತ್ತಾನೆ. ಅವನನ್ನು ಕಟ್ಟಿಹಾಕಿದ್ದು ಆ ಕರೆಯೇ. 'ಪಂದ್ಯ'ವೂ ಹಾಗೆಯೇ: ಈಗ ಅದು ಕ್ರಿಕೆಟ್ ಪಂದ್ಯ, ಟೆನಿಸ್ ಪಂದ್ಯ, ಆದರೆ 'ಪಂದ್ಯ ಕಟ್ಟು' ಎಂದಾಗ ಪಣದ ಅರ್ಥ ಥಟ್ಟನೆ ಎದ್ದುಬರುತ್ತದೆ. ತೆಲುಗಿನ 'ಪಂದೆಂ', ತಮಿಳಿನ 'ಪಂದಯಂ' ಎರಡೂ ಬಾಜಿಗೂ ಓಟದ ಸ್ಪರ್ಧೆಗೂ ಸಲ್ಲುತ್ತವೆ. ಪಣದಿಂದ ಪೈಪೋಟಿಗೆ ಅರ್ಥ ಜಾರುವುದು ಇಂಗ್ಲಿಷಿಗೊಂದಕ್ಕೇ ಸೇರಿದ ವಿಚಿತ್ರವೇನಲ್ಲ.

ಇಂಗ್ಲಿಷಿಗೆ ಈ ಪದ ಬಂದದ್ದು ಎರಡು ಹಂತದಲ್ಲಿ. 14ನೆಯ ಶತಮಾನದ ಕವಿ ಜೆಫ್ರಿ ಚಾಸರ್, 1368ರಲ್ಲಿ ತೀರಿಕೊಂಡ ಲ್ಯಾಂಕಾಸ್ಟರ್‌ನ ಬ್ಲಾಂಚ್ ಎಂಬ ರಾಣಿವಾಸದ ಹೆಣ್ಣುಮಗಳ ನೆನಪಿಗೆ ಒಂದು ದೀರ್ಘ ಕವಿತೆ ಬರೆದ. ಅದರಲ್ಲಿ ನಿದ್ರಾದೇವತೆಯ ಗವಿಯ ವರ್ಣನೆ ಬರುತ್ತದೆ. ಅಲ್ಲಿ ಮಲಗಿದವರೆಲ್ಲ ಯಾರು ಚೆನ್ನಾಗಿ ನಿದ್ದೆ ಮಾಡುತ್ತಾರೋ ನೋಡೇಬಿಡೋಣ ಎಂದು ಪೈಪೋಟಿಗೆ ಬಿದ್ದವರಂತೆ ಗೊರಕೆ ಹೊಡೆಯುತ್ತಿದ್ದಾರೆ. ಕೆಲವರ ಗದ್ದ ಎದೆಯ ಮೇಲೆ ಜೋತಿದೆ. ಆ ಪೈಪೋಟಿಗೆ ಚಾಸರ್ ಬಳಸಿದ ಪದ 'ಎನ್ವಿ'ಯ ರೂಪದಲ್ಲೇ ಇದೆ. ಹೊಟ್ಟೆಕಿಚ್ಚು ಎಂದು ಓದಿದರೆ ಸಾಲು ಕೆಡುತ್ತದೆ, ಪೈಪೋಟಿ ಎಂದು ಓದಿದರೆ ಕುಳಿತ ಜಾಗದಲ್ಲೇ ನಗು ಬರುತ್ತದೆ. ತಲೆ ಕಡಿಯದ ಪೂರ್ಣರೂಪದಲ್ಲಿ ಈ ಪದ ಇಂಗ್ಲಿಷಿನಲ್ಲಿ ಆಗಲೇ ಓಡಾಡಿಕೊಂಡಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಎರಡನೆಯ ಹಂತದಲ್ಲಿ ತಲೆ ಹೋಯಿತು. ಒತ್ತು ಬೀಳದ ಮೊದಲ ಉಚ್ಚಾರಾಂಶವನ್ನು ನುಂಗಿಬಿಡುವ ಅಭ್ಯಾಸ ಇಂಗ್ಲಿಷರಿಗೆ ಹಳೆಯದು. 'ಡಿಫೆನ್ಸ್'ನ ತಲೆ ಹೋಗಿ 'ಫೆನ್ಸ್' ಆಯಿತು, 'ಅಕ್ಯೂಟ್'ನಿಂದ 'ಕ್ಯೂಟ್' ಬಂತು, ವಿನೋದ ಎಂಬರ್ಥದ 'ಡಿಸ್ಪೋರ್ಟ್' ಮೊಟಕಾಗಿ 'ಸ್ಪೋರ್ಟ್' ಆಯಿತು. ಹಾಗೆಯೇ 'ಎನ್' ಉದುರಿ 'ವೈ' ಉಳಿಯಿತು. 1560ರ ದಶಕದಿಂದ ಈ ಮೊಟಕು ರೂಪ ಬರಹದಲ್ಲಿ ಸಿಗುತ್ತದೆ, ಮೊದಮೊದಲು ಸಿಗುವುದು ಇಸ್ಪೀಟಿನ ಮಾತಾಗಿಯೇ. ಟ್ಯೂಡರ್ ದೊರೆಗಳ ಕಾಲದಲ್ಲಿ ಆಸ್ಥಾನದಿಂದ ಹೆಂಡದಂಗಡಿಯವರೆಗೆ ಹಬ್ಬಿದ್ದ 'ಪ್ರಿಮೆರೊ', 'ಗ್ಲೀಕ್' ಮುಂತಾದ ಆಟಗಳಲ್ಲಿ ಪಣ ಒಡ್ಡುವುದು 'ವೈ', ಅದರ ಮೇಲೆ ಮತ್ತೆ ಏರಿಸುವುದು 'ರಿವೈ'. ಇವತ್ತು ಪೋಕರ್ ಆಡುವವರು 'ರೇಸ್', 'ರೀರೇಸ್' ಎನ್ನುವುದು ಇದನ್ನೇ. 'ರಿವೈ' ಸತ್ತುಹೋಯಿತು, 'ವೈ' ಮೇಜು ಬಿಟ್ಟು ಬೀದಿಗೆ ಬಂದು ಬದುಕಿತು. ಆದರೂ ಇಸ್ಪೀಟಿನ ಇತಿಹಾಸ ಬರೆಯುವವರು ಪೋಕರ್, ಬ್ರ್ಯಾಗ್‌ಗಳಂಥ ಪಣ ಏರಿಸುವ ಆಟಗಳನ್ನು ಇವತ್ತಿಗೂ 'ವೈಯಿಂಗ್ ಗೇಮ್ಸ್' ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ.

ಮೇಜು ಬಿಟ್ಟು ಹೊರಬರುವ ಆ ಗಳಿಗೆಯನ್ನು ಶೇಕ್ಸ್‌ಪಿಯರ್‌ನಲ್ಲಿ ಕಣ್ಣಾರೆ ಕಾಣಬಹುದು. 'ದ ಟೇಮಿಂಗ್ ಆಫ್ ದ ಶ್ರೂ' ನಾಟಕದ ಎರಡನೆಯ ಅಂಕದಲ್ಲಿ ಪೆಟ್ರೂಷಿಯೋ, ಕ್ಯಾಥರೀನಾ ತನ್ನ ಕೊರಳಿಗೆ ಜೋತುಬಿದ್ದು ಮುತ್ತಿನ ಮೇಲೆ ಮುತ್ತು 'ವೈ' ಮಾಡಿದಳು, ಆಣೆಯ ಮೇಲೆ ಆಣೆ ಇಟ್ಟಳು ಎಂದು ಕೊಚ್ಚಿಕೊಳ್ಳುತ್ತಾನೆ. ಅದು ಅಪ್ಪಟ ಸುಳ್ಳು, ಆ ಮಾತು ಬೇರೆ. ಇಲ್ಲಿ ವ್ಯಾಕರಣ ಗಮನಿಸಿ. 'ವೈ'ಗೆ ಕರ್ಮಪದವಿದೆ: ಆಕೆ ಮುತ್ತುಗಳನ್ನು ನಾಣ್ಯಗಳ ಹಾಗೆ ಒಂದರ ಮೇಲೊಂದು ಒಡ್ಡುತ್ತಿದ್ದಾಳೆ. ಪ್ರತಿ ಮುತ್ತೂ ಇವನಿಂದ ಇನ್ನೊಂದನ್ನು ಕೇಳುವ ಪಣ. ಮುತ್ತಿನಲ್ಲಿ ಪೈಪೋಟಿ ಮಾಡಿದಳು ಎಂದು ಇಂದಿನ ಅರ್ಥ ಹಚ್ಚಿದರೆ ಆ ಚಿತ್ರದ ಅರ್ಧ ಸೊಗಸು ಹೋಗಿಬಿಡುತ್ತದೆ.

ಇನ್ನೊಂದು ಜಾಗ 'ಆಂಟನಿ ಅಂಡ್ ಕ್ಲಿಯೋಪಾತ್ರ'ದ ಕೊನೆಯ ಅಂಕ. ಆಂಟನಿ ಸತ್ತಿದ್ದಾನೆ. ಕ್ಲಿಯೋಪಾತ್ರ ತಾನು ಕನಸಿನಲ್ಲಿ ಕಂಡ ಆಂಟನಿಯನ್ನು ವರ್ಣಿಸುತ್ತಾಳೆ. ಅಂಥವನೊಬ್ಬ ಇದ್ದಿರಲು ಸಾಧ್ಯವೇ ಎಂದು ಕೇಳಿದಾಗ ಎದುರಿನವನು ಇಲ್ಲ ಎನ್ನುತ್ತಾನೆ. ಆಗ ಅವಳು ಕೊಡುವ ಉತ್ತರದ ತಾತ್ಪರ್ಯ ಇಷ್ಟು: ವಿಚಿತ್ರ ರೂಪಗಳನ್ನು ಕಲ್ಪನೆಯ ಎದುರು ಪಣಕ್ಕೆ ಒಡ್ಡುವಷ್ಟು ಸರಕು ಸಾಮಾನ್ಯವಾಗಿ ಪ್ರಕೃತಿಯ ಬಳಿ ಇರುವುದಿಲ್ಲ, ಆದರೆ ಒಬ್ಬ ಆಂಟನಿಯನ್ನು ಮಾಡಿದ್ದರೆ ಅದು ಕಲ್ಪನೆಯನ್ನೇ ಸೋಲಿಸುವ ಪ್ರಕೃತಿಯ ಕೃತಿ. ಒಡ್ಡುವ ಎಂದು ನಾನು ಬರೆದ ಜಾಗದಲ್ಲಿ ಇಂಗ್ಲಿಷಿನಲ್ಲಿರುವುದು 'ವೈ'. ಪ್ರಕೃತಿ ಒಂದು ಕಡೆ, ಕಲ್ಪನೆ ಇನ್ನೊಂದು ಕಡೆ ಕೂತು ಆಡುತ್ತಿರುವ ಆಟವದು. ಪ್ರಕೃತಿಯ ಕೈಯಲ್ಲಿ ಕಾಸು ಕಡಿಮೆ, ಆದರೆ ಈ ಒಂದು ಸುತ್ತಿನಲ್ಲಿ ಗೆಲುವು ಅದರದೇ. ಪ್ರಿಯನನ್ನು ಕಳೆದುಕೊಂಡವಳ ಶೋಕಕ್ಕೆ ಜೂಜಿನ ಮಾತು ಹೀಗೆ ಒದಗಿಬಂದದ್ದನ್ನು ಓದುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

17ನೆಯ ಶತಮಾನ ಕಾಲಿಡುವ ಹೊತ್ತಿಗೆ ಯಾರೊಡನೆಯೋ ಸೆಣಸುವುದು, ಮೇಲುಗೈಗೆ ಹೋರಾಡುವುದು ಎಂಬ ಇಂದಿನ ಅರ್ಥ ನೆಲೆಯೂರಿತು. ಏನನ್ನು ಒಡ್ಡುತ್ತಿದ್ದಾರೆ ಎಂದು ಹೇಳುವ ಕರ್ಮಪದ ಬಿದ್ದುಹೋಗಿ, ಏತಕ್ಕಾಗಿ ಎಂಬುದು ಮುಖ್ಯವಾಯಿತು. ಇಂದು 'ವೈ' ಬರೆಯುವ ವರದಿಗಾರನ ತಲೆಯಲ್ಲಿ ಇಸ್ಪೀಟು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮೂಲಾರ್ಥವೇ ನಿಜವಾದ ಅರ್ಥ ಎಂದು ಹಟ ಹಿಡಿಯುವವರ ಪೈಕಿ ನಾನಲ್ಲ. ಆದರೂ ಹಳೆಯ ಆಟದ ಒಂದೆರಡು ಗುಣಗಳು ಈ ಪದದಲ್ಲಿ ಉಳಿದಿವೆ ಎಂದೇ ನನ್ನ ಅನಿಸಿಕೆ. 'ವೈ' ಎಂದರೆ ಎದುರಿಗೆ ಇನ್ನೊಬ್ಬರು ಇರಲೇಬೇಕು, ನಡುವೆ ಗೆಲ್ಲಬೇಕಾದ ಒಂದು ವಸ್ತು ಇರಬೇಕು, ಆಟ ಇನ್ನೂ ಮುಗಿದಿರಬಾರದು.

'ಕಂಪೀಟ್'ನೊಂದಿಗೆ ಇದರ ವ್ಯತ್ಯಾಸ ಕಾಣುವುದೂ ಅಲ್ಲೇ. 'ಕಂಪೀಟ್'ನ ಮೂಲ ಲ್ಯಾಟಿನ್ನಿನ 'ಪೇತೆರೆ', ಅಂದರೆ ಅರಸಿ ಹೋಗುವುದು, ಕೇಳುವುದು. 'ಪೆಟಿಷನ್', 'ಅಪೆಟೈಟ್', 'ರಿಪೀಟ್' ಎಲ್ಲ ಅದರ ಸಂತಾನ. ಅದಕ್ಕೆ ಕೂಡಿ ಎಂಬರ್ಥದ 'ಕೊಂ' ಸೇರಿ 'ಕೊಂಪೇತೆರೆ' ಆಯಿತು. ಹಳೆಯ ಲ್ಯಾಟಿನ್ನಿನಲ್ಲಿ ಅದರ ಅರ್ಥ ಒಂದೆಡೆ ಕೂಡುವುದು, ಹೊಂದಿಕೊಳ್ಳುವುದು, ತಕ್ಕುದಾಗಿರುವುದು. 'ಕಾಂಪಿಟೆಂಟ್' ಎಂದರೆ ಸಮರ್ಥ ಎಂದಾದದ್ದು ಆ ಕವಲಿನಲ್ಲಿ. ಒಂದೇ ವಸ್ತುವನ್ನು ಹಲವರು ಅರಸಿ ಹೋಗುವುದು ಎಂಬ ಪೈಪೋಟಿಯ ಅರ್ಥ ಬಂದದ್ದು ತಡವಾಗಿ. ಹಾಗಾಗಿ 'ಕಾಂಪಿಟಿಟರ್' ಎಂದರೆ ಹಿಂದೆ ಜೊತೆಗಾರನೂ ಹೌದು. ನಾನು ಈಗಷ್ಟೇ ಹೇಳಿದ ಆಂಟನಿಯ ನಾಟಕದ ಅದೇ ಐದನೆಯ ಅಂಕದಲ್ಲಿ, ಕ್ಲಿಯೋಪಾತ್ರಳ ಮಾತಿಗಿಂತ ಒಂದು ದೃಶ್ಯ ಹಿಂದೆ, ಆಂಟನಿ ಸತ್ತ ಸುದ್ದಿ ಕೇಳಿ ಅವನ ಎದುರಾಳಿ ಆಕ್ಟೇವಿಯಸ್ ಸೀಸರ್ ಅಳುತ್ತ ಅವನನ್ನು ತನ್ನ ಸೋದರ, ತನ್ನ 'ಕಾಂಪಿಟಿಟರ್' ಎನ್ನುತ್ತಾನೆ. ಸಾಮ್ರಾಜ್ಯದಲ್ಲಿ ತನ್ನ ಜೊತೆಗಾರ ಎಂದೂ ಕೂಡಲೇ ಸೇರಿಸುತ್ತಾನೆ. ಇಂದಿನ ಅರ್ಥದಲ್ಲಿ ಓದಿದವರಿಗೆ ಅದು ಹಗೆಯ ಮಾತಾಗಿ ಕೇಳಿಸುತ್ತದೆ, ಸೀಸರ್‌ನ ಬಾಯಲ್ಲಿ ಅದು ಬಂಧುತ್ವದ ಮಾತು.

'ರೈವಲ್' ಪದದ ಕಥೆಯಂತೂ ಇನ್ನೂ ಚೆಂದ. ಲ್ಯಾಟಿನ್ನಿನಲ್ಲಿ 'ರೀವುಸ್' ಎಂದರೆ ಕಾಲುವೆ, ತೊರೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವ ಅಕ್ಕಪಕ್ಕದವರು 'ರೀವಾಲೆಸ್'. ಇದನ್ನು ಯಾರೋ ಆಮೇಲೆ ಕಟ್ಟಿದ ಕಥೆ ಎಂದುಕೊಳ್ಳಬೇಡಿ. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಹೊರಡಿಸಿದ ರೋಮನ್ ಕಾನೂನಿನ ಸಂಗ್ರಹದಲ್ಲಿ, ನೀರಿನ ಹಕ್ಕಿನ ಅಧ್ಯಾಯದಲ್ಲೇ, ಒಂದೇ ಕಾಲುವೆಯಿಂದ ನೀರು ಒಯ್ಯುವವರು ಎಂದು ಇದಕ್ಕೆ ಅರ್ಥ ಕೊಟ್ಟಿದೆ. ನೀರು ಹಂಚಿಕೊಳ್ಳುವವರ ನಡುವೆ ಜಗಳ ಎಷ್ಟು ಬೇಗ ಹುಟ್ಟುತ್ತದೆಂದು ಹೊಲ ಇದ್ದವರಿಗೆ ಹೇಳಿಕೊಡಬೇಕಿಲ್ಲ. 'ಹ್ಯಾಮ್ಲೆಟ್' ನಾಟಕದ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನ ಜೊತೆ ಕಾವಲಿಗೆ ಬರಬೇಕಾದವರನ್ನು 'ರೈವಲ್ಸ್' ಎನ್ನುತ್ತಾನೆ. ಅಲ್ಲೂ ಅರ್ಥ ಜೊತೆಗಾರರು ಎಂದೇ. ಅಂದಹಾಗೆ, ಈ ಕಥೆ ಕೇಳಿ 'ರಿವರ್' ಪದವನ್ನೂ ಇದಕ್ಕೆ ಸೇರಿಸುವವರಿದ್ದಾರೆ. ಅದು ದಡ ಎಂಬರ್ಥದ 'ರೀಪ'ದಿಂದ ಬಂದದ್ದು. 'ರೈವಲ್'ನ ಒಡಹುಟ್ಟು ಬೇಕಿದ್ದರೆ 'ಡಿರೈವ್' ಇದೆ, ಕಾಲುವೆಯಿಂದ ನೀರು ತಿರುಗಿಸುವುದು ಎಂಬರ್ಥದಿಂದ ಬಂದ ಪದ.

'ಕಂಟೆಂಡ್', 'ಕಂಟೆಸ್ಟ್' ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೊಂದು ಮಾತು. ಮೊದಲನೆಯದು ಎಳೆಯುವುದು, ಬಿಗಿಯುವುದು ಎಂಬರ್ಥದ ಧಾತುವಿನದು, 'ಟೆನ್ಷನ್' ಅದರ ನೆಂಟ. ಎರಡನೆಯದು ಸಾಕ್ಷಿ ಕರೆದು ವ್ಯಾಜ್ಯ ಹೂಡುವುದರಿಂದ ಬಂದದ್ದು.

ಇನ್ನು ಬಳಕೆ. 'ಕಂಪೀಟ್' ಮಾಡುವುದಕ್ಕೆ ವ್ಯವಸ್ಥೆ ಸಾಕು: ಒಂದು ಓಟವಿದೆ, ಒಂದು ಪರೀಕ್ಷೆಯಿದೆ, ಅದರಲ್ಲಿ ಭಾಗವಹಿಸಿದರೆ 'ಕಂಪೀಟ್ ಇನ್' ಎನ್ನಬಹುದು. 'ವೈ ಇನ್ ಎ ರೇಸ್' ಎಂದರೆ ಕಿವಿಗೆ ಒಗ್ಗದು. 'ವೈ'ಯ ಹಿಂದೆ 'ಫಾರ್' ಬಂದು ಬಯಸುವ ವಸ್ತುವನ್ನು ಹೇಳಬೇಕು, ಇಲ್ಲವೇ 'ವಿತ್' ಬಂದು ಎದುರಾಳಿಯನ್ನು ಹೇಳಬೇಕು, ಇಲ್ಲವೇ 'ಟು' ಜೊತೆ ಕ್ರಿಯಾಪದ ಬಂದು ಗುರಿಯನ್ನು ಹೇಳಬೇಕು. 'ಟು ಟೀಮ್ಸ್ ಆರ್ ವೈಯಿಂಗ್ ಫಾರ್ ದ ಟೈಟಲ್' ಸರಿ. 'ಶಿ ವೈಡ್ ವಿತ್ ಹರ್ ಸಿಸ್ಟರ್ ಫಾರ್ ಅಟೆನ್ಷನ್' ಸರಿ. 'ದೆ ಆರ್ ವೈಯಿಂಗ್ ಟು ಹೋಸ್ಟ್ ದ ಗೇಮ್ಸ್' ಸರಿ. 'ಹಿ ವೈಸ್ ಎವ್ರಿ ಇಯರ್' ಎಂದು ಬರೆದು ಚುಕ್ಕಿ ಇಟ್ಟರೆ ಓದುವವರು ಯಾತಕ್ಕಾಗಿ ಎಂದು ಕಾಯುತ್ತಲೇ ಉಳಿಯುತ್ತಾರೆ. ತನ್ನೊಡನೆ ತಾನೇ 'ಕಂಪೀಟ್' ಮಾಡುವುದುಂಟು, ನಿನ್ನೆಯ ವೇಗವನ್ನು ಇವತ್ತು ಮೀರಿಸುವ ಓಟಗಾರನ ಹಾಗೆ. ತನ್ನೊಡನೆ ತಾನೇ 'ವೈ' ಮಾಡಲು ಬರುವುದಿಲ್ಲ.

ಮನುಷ್ಯರೇ ಬೇಕೆಂದೂ ಇಲ್ಲ. ನಮ್ಮ ಗಮನಕ್ಕಾಗಿ ಹತ್ತು ಕೆಲಸಗಳು 'ವೈ' ಮಾಡಬಹುದು, ಒಂದೇ ಚಿತ್ರದಲ್ಲಿ ಎರಡು ಬಣ್ಣಗಳು ಒಂದನ್ನೊಂದು ಮೀರಿಸಲು ನೋಡಬಹುದು. ಈ ಬಳಕೆಯಲ್ಲಿ ಪದ ಬಹಳ ಸೊಗಸಾಗಿ ಕೂರುತ್ತದೆ, ಹಗೆಯ ವಾಸನೆ ಅದಕ್ಕೆ ಇಲ್ಲದಿರುವುದೇ ಕಾರಣ. ಇದರಿಂದ ನಾಮಪದ ಹುಟ್ಟಿಸಲು ಹೋಗಬೇಡಿ. 'ಕಂಪೀಟ್'ಗೆ 'ಕಾಂಪಿಟಿಷನ್', 'ಕಾಂಪಿಟಿಟರ್' ಇರುವಂತೆ ಇದಕ್ಕೆ ಬಳಕೆಯ ನಾಮಪದವಿಲ್ಲ. ಆಡುಮಾತಿನಲ್ಲೂ ಇದು ಕಡಿಮೆ. ಗೆಳೆಯರೊಡನೆ ಮಾತಾಡುವಾಗ 'ಕಂಪೀಟ್' ಅಥವಾ 'ಫೈಟ್' ಸಾಕು. ಪತ್ರಿಕೆಗಳಲ್ಲಿ ಇದು ಇಷ್ಟು ಕಾಣಿಸುವುದಕ್ಕೆ ಬಹಳ ಸರಳ ಕಾರಣವೊಂದಿದೆ: ಮೂರೇ ಅಕ್ಷರ, ತಲೆಬರಹದಲ್ಲಿ ಜಾಗ ಉಳಿಯುತ್ತದೆ.

ಕನ್ನಡಕ್ಕೆ ತರುವಾಗ ಎಲ್ಲಕ್ಕೂ 'ಸ್ಪರ್ಧಿಸು' ಎಂದು ಹಾಕಿಬಿಟ್ಟರೆ ವಾಕ್ಯ ಸಪ್ಪೆಯಾಗುತ್ತದೆ. ಪ್ರಶಸ್ತಿಗಾಗಿ ಇಬ್ಬರು ಸಮಬಲರಿದ್ದರೆ 'ಸೆಣಸು' ಅಥವಾ 'ಹಣಾಹಣಿ', ಹಲವರು ಒಂದೇ ವಸ್ತುವಿನ ಮೇಲೆ ಬಿದ್ದರೆ 'ಪೈಪೋಟಿಗಿಳಿ' ಅಥವಾ 'ಮುಗಿಬೀಳು', ಮೆಚ್ಚುಗೆ ಗಳಿಸಲು ಉತ್ಸಾಹದಿಂದ ನುಗ್ಗುವವರಿಗೆ 'ನಾ ಮುಂದು ತಾ ಮುಂದು'. 'ಜಿದ್ದಿಗೆ ಬೀಳು' ಎಂದು ಮಾತ್ರ ಯೋಚಿಸಿ ಬರೆಯಿರಿ. ಜಿದ್ದು ವಿರೋಧ ಎಂಬರ್ಥದ ಅರಬಿ ಪದದಿಂದ ನಮ್ಮಲ್ಲಿಗೆ ಬಂದದ್ದು. ಅದರಲ್ಲಿ ಹಟವಿದೆ, ಕಹಿಯಿದೆ. 'ವೈ'ಯಲ್ಲಿ ಅದು ಇರಲೇಬೇಕೆಂದಿಲ್ಲ.

ಕೊನೆಯದಾಗಿ ಕಾಗುಣಿತ ಮತ್ತು ಉಚ್ಚಾರಣೆ. ಮೂಲರೂಪಕ್ಕೆ ವಿ, ಐ, ಇ ಅಕ್ಷರಗಳು. 'ಇಂಗ್' ಸೇರುವಾಗ ಐ-ಇ ಎರಡೂ ಹೋಗಿ ಅಲ್ಲಿ ವೈ ಅಕ್ಷರ ಬರುತ್ತದೆ, 'ಡೈ'ಯಿಂದ 'ಡೈಯಿಂಗ್', 'ಟೈ'ಯಿಂದ 'ಟೈಯಿಂಗ್', 'ಲೈ'ಯಿಂದ 'ಲೈಯಿಂಗ್' ಆಗುವ ಹಾಗೆಯೇ. ಭೂತಕಾಲದಲ್ಲಿ ಬರೀ ಡಿ ಸೇರಿದರೆ ಸಾಕು. ಕೆಲವರು 'ವೀ' ಎಂದು ಓದುತ್ತಾರೆ. ಅದು ಬದುಕು ಎಂಬರ್ಥದ ಫ್ರೆಂಚ್ ಪದದ ಉಚ್ಚಾರಣೆ, ಬರಹ ಒಂದೇ ಆದರೂ ಪದ ಬೇರೆ. ಇನ್ನು ಕನ್ನಡಿಗರ ಬಾಯಲ್ಲಿ ಇದೂ 'ಏಕೆ' ಎಂದು ಕೇಳುವ 'ವೈ'ಯೂ ಒಂದೇ ಆಗಿಬಿಡುವುದುಂಟು. ಪೈಪೋಟಿಯ 'ವೈ' ಹೇಳುವಾಗ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಪ್ರಶ್ನೆಯ 'ವೈ' ಹೇಳುವಾಗ ಹಲ್ಲು ತಾಗದೆ ತುಟಿಗಳೆರಡೂ ದುಂಡಾಗಬೇಕು. ಕನ್ನಡಿಯೆದುರು ನಾಲ್ಕು ಸಲ ಹೇಳಿ ನೋಡಿದರೆ ವ್ಯತ್ಯಾಸ ಬಾಯಿಗೆ ಹತ್ತುತ್ತದೆ.